ಬೆಂಗಳೂರಿನಲ್ಲಿ ದಿನವೂ 910, ಒಡಿಶಾದಲ್ಲಿ ಅಂದು 912

ಬೆಂಗಳೂರಿನಲ್ಲಿ ಕೂತು ಫೋನಿನ ಬ್ಯಾರೋಮೀಟರ್ ಆ್ಯಪ್ ತೆರೆದರೆ ಗಾಳಿಯ ಒತ್ತಡ 910 ಹೆಕ್ಟೊಪಾಸ್ಕಲ್ ಆಸುಪಾಸು ಕಾಣುತ್ತದೆ. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಸೂಪರ್ ಸೈಕ್ಲೋನ್‌ನ ನಟ್ಟನಡುವೆ ಇದ್ದದ್ದು 912. ಆ ಚಂಡಮಾರುತಕ್ಕೆ ಸುಮಾರು 10 ಸಾವಿರ ಜನ ಬಲಿಯಾದರು. ಹೆಚ್ಚು ಕಡಿಮೆ ಅದೇ ಒತ್ತಡದಲ್ಲಿ ಬೆಂಗಳೂರು ದಿನವೂ ಎದ್ದು ಕೆಲಸಕ್ಕೆ ಹೋಗುತ್ತದೆ. ಇದು ಹೇಗೆ?

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಮೇಲೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ. ತಗ್ಗು ಪ್ರದೇಶದಲ್ಲಿ ಎಂಟೊಂಬತ್ತು ಮೀಟರ್ ಹತ್ತಿದರೆ ಸುಮಾರು ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಹಾಗಾಗಿ ಮಂಗಳೂರಿಗೂ ಬೆಂಗಳೂರಿಗೂ ಸುಮಾರು 100ರ ವ್ಯತ್ಯಾಸವಿದ್ದರೂ ಅದರಿಂದ ಬಿರುಗಾಳಿ ಏಳುವುದಿಲ್ಲ. ಅದು ಬರೀ ಎತ್ತರದ ಲೆಕ್ಕ. ಆ ಲೆಕ್ಕವನ್ನು ತೆಗೆದುಹಾಕಲೆಂದೇ ಹವಾಮಾನ ನೋಡುವ ನಾವು ಎಲ್ಲ ಊರಿನ ಒತ್ತಡವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ನಕ್ಷೆಯಲ್ಲಿ ಬರೆಯುತ್ತೇವೆ. ಅಲ್ಲಿನ ಪ್ರಮಾಣಿತ ಸರಾಸರಿ 1013.25. ಇಳಿಸಿದ ಮೇಲೆ ಎರಡೂ ಊರಿನ ಅಂಕಿ ಹತ್ತಿರ ಹತ್ತಿರ ಬರುತ್ತದೆ.

ಈ ನಕ್ಷೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಒತ್ತಡದ ಗೆರೆಗಳು (ಒಂದೇ ಒತ್ತಡವಿರುವ ಜಾಗಗಳನ್ನು ಸೇರಿಸುವ ಗೆರೆಗಳು) ಎಷ್ಟು ಹತ್ತಿರ ಇವೆ ಅನ್ನುವ ಕಡೆಗೆ. ನೂರಾರು ಕಿಲೋಮೀಟರ್ ದೂರದಲ್ಲಿ ನಾಲ್ಕೈದು ಇಳಿದಿದ್ದರೆ ಅದು ಬಯಲಿನ ಇಳಿಜಾರು. ಮಳೆ ಬರಬಹುದು, ಅಷ್ಟೆ. ಚಂಡಮಾರುತದಲ್ಲಿ ಇಳಿಕೆಯ ಬಹುಪಾಲು ಅದರ ‘ಕಣ್ಣಿನ’, ಅಂದರೆ ನಟ್ಟನಡುವಿನ ಶಾಂತ ಭಾಗದ, ಸುತ್ತಲಿನ ಹತ್ತಾರು ಕಿಲೋಮೀಟರಿನಲ್ಲೇ ಆಗಿಬಿಡುತ್ತದೆ, ಆಗುಂಬೆ ಘಾಟಿಯ ಹಾಗೆ. ಗಾಳಿಗೆ ವೇಗ ಬರುವುದು ಈ ಕಡಿದಾದ ಇಳಿಜಾರಿನಿಂದ.

ಸಮುದ್ರದ ನೀರು 26-27 ಡಿಗ್ರಿಗಿಂತ ಬೆಚ್ಚಗಿದ್ದರೆ ಆವಿ ಧಾರಾಳವಾಗಿ ಏಳುತ್ತದೆ. ಮೇಲೆ ಹೋಗಿ ಮೋಡವಾಗುವಾಗ ತನ್ನೊಳಗಿನ ಶಾಖ ಬಿಡುತ್ತದೆ. ಆ ಗಾಳಿಕಂಬ ಬಿಸಿಯಾಗಿ ಹಗುರವಾಗುತ್ತದೆ, ಕೆಳಗೆ ಒತ್ತಡ ಇನ್ನಷ್ಟು ಇಳಿಯುತ್ತದೆ. ಸುತ್ತಲಿನ ಗಾಳಿ ಇನ್ನಷ್ಟು ಆವಿ ಹೊತ್ತು ಒಳಗೆ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ಅದು ನೇರ ನಡುವಿಗೆ ಹೋಗದೆ ಸುತ್ತತೊಡಗುತ್ತದೆ. ನಮ್ಮ ಉತ್ತರಾರ್ಧಗೋಳದಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಮೇಲಿನ ಗಾಳಿ ಈ ಕಂಬವನ್ನು ಅಡ್ಡ ಕೊಚ್ಚಿಹಾಕಿದರೆ ಎಲ್ಲ ಅಲ್ಲಿಗೇ ನಿಂತುಹೋಗುತ್ತದೆ. ಟಿವಿಯಲ್ಲಿ ಹೇಳುವ ‘ವಾಯುಭಾರ ಕುಸಿತ’ಗಳಲ್ಲಿ ಎಷ್ಟೋ ಹೀಗೇ ಕರಗಿಹೋಗುತ್ತವೆ.

ಒತ್ತಡ ಇಳಿದಾಗ ಸಮುದ್ರವೇ ಉಬ್ಬಿ ಊರಿಗೆ ನುಗ್ಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ಅರ್ಧ ನಿಜ. ಒಂದು ಹೆಕ್ಟೊಪಾಸ್ಕಲ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. 1999ರಲ್ಲಿ 100 ಇಳಿದಿತ್ತು ಅಂದರೆ ಒಂದು ಮೀಟರ್ ಆಯಿತು. ಆದರೆ ಒಡಿಶಾದ ಪಾರಾದೀಪ್ ಬಂದರಿನ ಕಡೆ ನುಗ್ಗಿದ್ದು ಐದಾರು ಮೀಟರ್ ನೀರು. ಉಳಿದದ್ದನ್ನು ದಡಕ್ಕೆ ತಳ್ಳಿದ್ದು ಗಾಳಿ. ಅಲ್ಲಿ ಸಮುದ್ರದ ತಳ ಆಳವಿಲ್ಲ, ನೀರಿಗೆ ಮೇಲೇರದೆ ಬೇರೆ ದಾರಿಯೇ ಇರಲಿಲ್ಲ.

2021ರ ಮೇನಲ್ಲಿ ತೌಕ್ತೆ ಚಂಡಮಾರುತ ಕರ್ನಾಟಕದ ನೆಲ ಮುಟ್ಟಲಿಲ್ಲ. ಅರಬ್ಬಿ ಸಮುದ್ರದಲ್ಲೇ ಬಡಗಣಕ್ಕೆ ಸಾಗಿ ಗುಜರಾತಿಗೆ ಹೋಯಿತು. ಆದರೂ ಅದು ಎಬ್ಬಿಸಿದ ಅಲೆಗಳಿಂದ ನಮ್ಮ ಕರಾವಳಿಯಲ್ಲಿ ಕಡಲ್ಕೊರೆತವಾಗಿ ಮನೆಗಳು ಹೋದವು. ‘ಚಂಡಮಾರುತ ದೂರದಲ್ಲಿದೆ’ ಅಂತ ದಡದಲ್ಲಿ ಸುಮ್ನೆ ಕೂರುವ ಹಾಗಿಲ್ಲ.

ಬ್ಯಾರೋಮೀಟರ್ ನೋಡುವ ಆಸೆ ಇದ್ದವರಿಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಒತ್ತಡ ದಿನಕ್ಕೆ ಎರಡು ಸಲ ತಾನಾಗಿಯೇ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಜಾಸ್ತಿ, ಸಂಜೆ ನಾಲ್ಕರ ಹೊತ್ತಿಗೆ ಎರಡು ಮೂರು ಕಡಿಮೆ. ಬೆಳಿಗ್ಗೆಯದನ್ನು ಸಂಜೆಯದಕ್ಕೆ ಹೋಲಿಸಿದರೆ ಸುಮ್ಮನೆ ಗಾಬರಿಯಾಗುತ್ತದೆ. ನಿನ್ನೆ ಇದೇ ಹೊತ್ತಿನಲ್ಲಿ, ಇದೇ ಜಾಗದಲ್ಲಿ ಎಷ್ಟಿತ್ತು ಅಂತ ನೋಡಬೇಕು. ನಾವೂ ಹಾಗೇ ನೋಡುವುದು. ಕರಾವಳಿಯಲ್ಲಿ ನಿನ್ನೆಗಿಂತ ನಾಲ್ಕೈದು ಇಳಿದಿದ್ದರೆ ಹವಾಮಾನ ಇಲಾಖೆಯ ಸೂಚನೆಯನ್ನು ಕೂಡಲೇ ನೋಡಿ, ಅವರು ಹೇಳಿದಂತೆ ನಡೆಯಿರಿ. ಚಂಡಮಾರುತದ ಕಣ್ಣು ನಿಮ್ಮ ಊರ ಮೇಲೇ ಬಂದರೆ ಒತ್ತಡ ತೀರಾ ಕೆಳಗಿಳಿದಿರುವಾಗಲೇ ಗಾಳಿ ನಿಂತುಬಿಡುತ್ತದೆ. ಆಗ ಹೊರಗೆ ಬರಬೇಡಿ. ಸ್ವಲ್ಪ ಹೊತ್ತಿಗೆಲ್ಲ ಅಷ್ಟೇ ಜೋರಾದ ಗಾಳಿ ಎದುರು ದಿಕ್ಕಿನಿಂದ ಬೀಸುತ್ತದೆ.