ಎರಡು ಬೆನ್ನುಮೂಳೆ, ಒಂದು ಫ್ರಿಜ್: ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಹೆಂಗಸರ ಚಿತ್ರಣದ ಜಗಳ ಇಲ್ಲಿವರೆಗೆ ಬಂದಿದ್ದು ಹೇಗೆ

1988ರಲ್ಲಿ ಬಂದ ಡಿಸಿ ಕಾಮಿಕ್ಸ್‌ನ ಒಂದು ಕಥೇಲಿ ಬಾರ್ಬರಾ ಗಾರ್ಡನ್ ಮನೆ ಬಾಗಿಲು ತೆಗೀತಾಳೆ, ಎದುರಿಗೆ ಬ್ಯಾಟ್‌ಮ್ಯಾನ್‌ನ ಕಡುವೈರಿ ಜೋಕರ್, ಕೈಯಲ್ಲಿ ಪಿಸ್ತೂಲು. ಗುಂಡು ಬೆನ್ನುಮೂಳೆಗೆ ಹೊಕ್ಕತ್ತೆ. ಅವಳೇ ಬ್ಯಾಟ್‌ಗರ್ಲ್ ಅನ್ನೋದು ಆ ಕ್ಷಣದಲ್ಲಿ ಲೆಕ್ಕಕ್ಕೇ ಇಲ್ಲ, ಕಾಸ್ಟ್ಯೂಮ್ ಹಾಕಿಲ್ಲ, ತಿರುಗಿ ಒಂದೇಟು ಹೊಡೆಯೋ ಅವಕಾಶಾನೂ ಇಲ್ಲ. ಅವಳ ಬಟ್ಟೆ ಬಿಚ್ಚಿ ತೆಗೆದ ಫೋಟೋಗಳನ್ನ ಅವಳ ಅಪ್ಪಂಗೆ ತೋರಿಸಿ ಅವನಿಗೆ ಹುಚ್ಚು ಹಿಡಿಸೋಕೆ ಜೋಕರ್ ನೋಡ್ತಾನೆ, ಬ್ಯಾಟ್‌ಮ್ಯಾನ್ ಬರ್ತಾನೆ, ಗಂಡಸರ ಮಧ್ಯೆ ಲೆಕ್ಕ ಚುಕ್ತಾ ಆಗತ್ತೆ, ಕಥೆ ಮುಗಿಯತ್ತೆ. ಐದು ವರ್ಷ ಬಿಟ್ಟು, 1993ರಲ್ಲಿ, ಬೇನ್ ಅನ್ನೋ ವಿಲನ್ ಬ್ಯಾಟ್‌ಮ್ಯಾನ್‌ನ ಬೆನ್ನುಮೂಳೇನೂ ಮುರೀತಾನೆ. ಬ್ಯಾಟ್‌ಮ್ಯಾನ್ ಮಾರನೇ ವರ್ಷವೇ ಎದ್ದು ಮತ್ತೆ ಕಟ್ಟಡದಿಂದ ಕಟ್ಟಡಕ್ಕೆ ಹಾರ್ತಿದ್ದ. ಬಾರ್ಬರಾ ಏಳೋಕೆ 2011 ಬರಬೇಕಾಯ್ತು. 23 ವರ್ಷ.

ಬ್ಯಾಟ್‌ಮ್ಯಾನ್ ವಾಸಿಯಾಗಿದ್ದು ಹೇಗೆ ಅನ್ನೋದು ಬಹಳ ಜನಕ್ಕೆ ನೆನಪಿರಲ್ಲ. ಶೋಂಡ್ರಾ ಕಿನ್ಸಾಲ್ವಿಂಗ್ ಅಂತ ಒಬ್ಬ ಡಾಕ್ಟರ್, ಮನಸ್ಸಿನ ಬಲದಿಂದಲೇ ಗುಣ ಮಾಡೋ ಶಕ್ತಿ ಇದ್ದೋಳು, ಆ ಶಕ್ತಿಯಿಂದಲೇ ಅವನ ಬೆನ್ನು ಸರಿಹೋಗತ್ತೆ, ಆದ್ರೆ ಆ ಹೊತ್ತಲ್ಲಿ ಅವಳ ಮನಸ್ಸೇ ಮುರಿದು ಚಿಕ್ಕ ಮಗು ಥರ ಆಗಿಬಿಡ್ತಾಳೆ. ಅವನು ಎದ್ದ, ಅವಳು ಬಿದ್ಲು, ಕಥೆ ಅವನ ಜೊತೆ ಮುಂದೆ ಹೋಯ್ತು.

ಈ ವಿಷಯ ಎದ್ದಾಗೆಲ್ಲ ಮಾತು ಮೊದಲು ಬಟ್ಟೆ ಕಡೆ ಹೋಗತ್ತೆ, ಯಾಕೆ ಅಷ್ಟು ಚಿಕ್ಕ ಕಾಸ್ಟ್ಯೂಮ್, ಯಾಕೆ ಆ ಸೊಂಟ, ಆಮೇಲೆ ಇನ್ನೊಬ್ಬರು ಬಂದು ಗಂಡಸರ ಮೈಕಟ್ಟನ್ನೂ ಉಬ್ಬಿಸಿ ಬಿಡಿಸ್ತಾರಲ್ಲ ಅಂತಾರೆ, ಅಲ್ಲಿಂದ ಸೆನ್ಸಾರ್‌ಶಿಪ್ಪು, ಸ್ವಾತಂತ್ರ್ಯ, ವ್ಯಾಪಾರ, ಎಲ್ಲಾ ಒಂದರ ಮೇಲೊಂದು ಬಿದ್ದು ಗೋಜಲಾಗತ್ತೆ. ಬಟ್ಟೆ ಪ್ರಶ್ನೆ ಸಣ್ಣದು ಅಂತ ನಾನು ಹೇಳ್ತಿಲ್ಲ. ಆದ್ರೆ ಅದಕ್ಕಿಂತ ಆಳದಲ್ಲಿ ಇನ್ನೊಂದು ಪ್ರಶ್ನೆ ಇದೆ, ನೋವು ಯಾರದ್ದು, ಕಥೆ ಯಾರದ್ದು ಅಂತ. ಅದನ್ನ ಹಿಡ್ಕೊಂಡು ಹಿಂದಕ್ಕೆ ಹೋದ್ರೆ ಗೋಜಲು ಸ್ವಲ್ಪ ಬಿಡಿಸಿಕೊಳ್ಳತ್ತೆ.

ಶುರು 1941ರಲ್ಲಿ. ವಂಡರ್ ವುಮನ್ ಮೊದಲು ಕಾಣಿಸಿಕೊಂಡಿದ್ದು ಆ ವರ್ಷದ ಕೊನೇಲಿ. ಹುಟ್ಟಿಸಿದ್ದು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಅನ್ನೋ ಮನಃಶಾಸ್ತ್ರಜ್ಞ, ರಕ್ತದೊತ್ತಡ ನೋಡಿ ಸುಳ್ಳು ಪತ್ತೆ ಹಚ್ಚೋ ವಿಧಾನದ ಮೇಲೆ ಕೆಲಸ ಮಾಡಿದ್ದ ಮನುಷ್ಯ. ಮುಂದೆ ಒಂದು ದಿನ ಹೆಂಗಸರೇ ಜಗತ್ತು ಆಳಬೇಕು ಅಂತ ನಿಜವಾಗಿ ನಂಬಿದ್ದೋರು. ಅವರ ಕಥೆಗಳಲ್ಲಿ ಆಕೆ ಸೈನಿಕರನ್ನ ಎತ್ತಿ ಎಸೀತಾಳೆ, ಅದೇ ಹೊತ್ತಿಗೆ ಸಂಚಿಕೆ ಸಂಚಿಕೆಗೂ ಆಕೇನ ಸರಪಳಿ, ಹಗ್ಗದಲ್ಲಿ ಕಟ್ಟಿಹಾಕೋ ದೃಶ್ಯಗಳೂ ಇರ್ತಿದ್ವು, ಎಷ್ಟು ಅಂದ್ರೆ ಪ್ರಕಾಶಕರ ಸಲಹಾ ಮಂಡಳಿಯಲ್ಲೇ ಇದ್ದ ಜೋಸೆಟ್ ಫ್ರಾಂಕ್ ಅದನ್ನ ವಿರೋಧಿಸಿ ಆಮೇಲೆ ಮಂಡಳಿ ಬಿಟ್ಟು ಹೋದ್ರು. ಅಂದ್ರೆ ಈ ವಾದ ಇಂಟರ್ನೆಟ್ ಕಾಲದ್ದಲ್ಲ, ಪಾತ್ರ ಹುಟ್ಟಿ ಎರಡು ಮೂರು ವರ್ಷಕ್ಕೇ ಶುರುವಾಗಿತ್ತು. 1942ರಲ್ಲಿ ಜಸ್ಟೀಸ್ ಸೊಸೈಟಿ ಅನ್ನೋ ಹೀರೋಗಳ ತಂಡಕ್ಕೆ ಆಕೇನ ಸೇರಿಸ್ಕೊಂಡಾಗ ಕೊಟ್ಟ ಹುದ್ದೆ ಯಾವುದು ಗೊತ್ತಾ, ಸೆಕ್ರೆಟರಿ. ಬಾಕಿಯೋರು ಯುದ್ಧಕ್ಕೆ ಹೋಗ್ತಿದ್ರು, ಜಗತ್ತಿನ ಅತಿ ಬಲಶಾಲಿ ಹೆಂಗಸು ಮೀಟಿಂಗಿನ ನಡಾವಳಿ ಬರೀತಿದ್ಲು.

1954ರಲ್ಲಿ ಅಮೆರಿಕದಲ್ಲಿ ಕಾಮಿಕ್ಸ್ ಮಕ್ಕಳನ್ನ ಹಾಳುಮಾಡತ್ತೆ ಅಂತ ದೊಡ್ಡ ಗಲಾಟೆ ಆಗಿ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ತಂದ್ರು. ಹೆಂಗಸರನ್ನ ಮೈಯ ಯಾವ ಭಾಗವನ್ನೂ ಉಬ್ಬಿಸದೆ ಸಹಜವಾಗಿ ಬಿಡಿಸಬೇಕು ಅನ್ನೋ ನಿಯಮ ಅದರಲ್ಲಿ ಬರವಣಿಗೇಲೇ ಇತ್ತು! ಅದರ ಜೊತೆಗೇ ಪ್ರೇಮಕಥೆ ಅಂದ್ರೆ ಮನೆ ಮತ್ತು ಮದುವೆಯ ಪಾವಿತ್ರ್ಯ ಎತ್ತಿಹಿಡೀಬೇಕು ಅಂತಾನೂ ಇತ್ತು. ಹಾಗಾಗಿ ಮೈ ಮುಚ್ಚಿತು, ಪಾತ್ರಾನೂ ಸಣ್ಣದಾಯ್ತು. 1956ರಲ್ಲಿ ಬಂದ ಬ್ಯಾಟ್‌ವುಮನ್ ಹೋರಾಡ್ತಿದ್ದಿದ್ದು ಹ್ಯಾಂಡ್‌ಬ್ಯಾಗಲ್ಲಿಟ್ಟ ಮೇಕಪ್ ಸಾಮಾನಿನಿಂದ. 1961ರ ಫೆಂಟಾಸ್ಟಿಕ್ ಫೋರ್‌ನಲ್ಲಿ ಇದ್ದ ಒಬ್ಬಳೇ ಹೆಂಗಸು ಸೂ ಸ್ಟಾರ್ಮ್‌ಗೆ ಕೊಟ್ಟ ಶಕ್ತಿ ಕಾಣದಂಗೆ ಇರೋದು, ಹೆಸರು ಇನ್ವಿಸಿಬಲ್ ಗರ್ಲ್, ಆ ಗರ್ಲ್ ಹೋಗಿ ವುಮನ್ ಆಗೋಕೆ 1985 ಬೇಕಾಯ್ತು, ಅಷ್ಟೊತ್ತಿಗೆ ಆಕೆ ತಾಯಿ ಆಗಿದ್ಲು. ನಮ್ಮ ಕಡೆ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿ ಓದಿದವರಿಗೆ ಫ್ಯಾಂಟಮ್‌ನ ಡಯಾನಾ ಪಾಮರ್ ನೆನಪಿರಬಹುದು, ಯುಎನ್‌ನಲ್ಲಿ ಕೆಲಸ ಮಾಡೋ ಧೈರ್ಯದ ಹೆಂಗಸು, ಆದ್ರೂ ಎಷ್ಟು ಸಲ ಆಕೇನ ಯಾರೋ ಎತ್ತಾಕ್ಕೊಂಡು ಹೋಗ್ತಿದ್ರು.

1968ರಲ್ಲಿ ವಂಡರ್ ವುಮನ್‌ನ ಶಕ್ತಿಯನ್ನೆಲ್ಲ ತೆಗೆದು ಬಿಳಿ ಸೂಟು ಹಾಕಿಸಿ ಬುಟಿಕ್ ಮಾಲೀಕಳನ್ನ ಮಾಡಿದ್ರು. ಬರೆದವರ ಲೆಕ್ಕದಲ್ಲಿ ಅದು ಸ್ವಂತ ಕಾಲ ಮೇಲೆ ನಿಂತ ಆಧುನಿಕ ಹೆಣ್ಣು, ಮಹಿಳಾ ಚಳವಳಿಯವರಿಗೆ ಅದು ಕಿತ್ಕೊಂಡಂಗೆ ಕಾಣಿಸ್ತು. 1972ರಲ್ಲಿ ಆ ಚಳವಳಿಯವರದೇ ಮಿಸ್ ಅನ್ನೋ ಪತ್ರಿಕೆ ಹಳೇ ಕಾಸ್ಟ್ಯೂಮ್‌ನ ವಂಡರ್ ವುಮನ್‌ನ ಮುಖಪುಟಕ್ಕೆ ಹಾಕಿ ಆಕೇನ ಅಧ್ಯಕ್ಷೆ ಮಾಡಿ ಅಂತು, ಮಾರನೇ ವರ್ಷ ಶಕ್ತಿ ವಾಪಸ್ ಬಂತು. ಗಮನಿಸಿ, ಅದೇ ಚಿಕ್ಕ ಬಟ್ಟೆಯ ವೇಷಾನ ವಾಪಸ್ ಕೇಳಿದ್ದು ಹೆಂಗಸರೇ. ಬಟ್ಟೆ ಉದ್ದ ಮಾಡಿದ್ರೆ ಎಲ್ಲಾ ಸರಿಹೋಗತ್ತೆ ಅನ್ನೋದು ಆಗಲೇ ಸುಳ್ಳಾಗಿತ್ತು.

1980ರಲ್ಲಿ, ಮಾರ್ವೆಲ್ ಕಂಪನಿಯ ಅವೆಂಜರ್ಸ್ ಅನ್ನೋ ಹೀರೋ ತಂಡದ ಕಾಮಿಕ್ಸ್‌ನ 200ನೇ ಸಂಚಿಕೇಲಿ, ಮಿಸ್ ಮಾರ್ವೆಲ್‌ ಅನ್ನೋ ಹೆಸರಿನ ಹೀರೋ ಕ್ಯಾರಲ್ ಡ್ಯಾನ್ವರ್ಸ್ ಇದ್ದಕ್ಕಿದ್ದಂಗೆ ಗರ್ಭಿಣಿ ಆಗ್ತಾಳೆ, ಒಬ್ಬ ಆಕೇನ ಬೇರೆ ಲೋಕಕ್ಕೆ ಎಳ್ಕೊಂಡು ಹೋಗಿ ಯಂತ್ರದಿಂದ ಮನಸ್ಸು ತಿರುಗಿಸಿ ಹಾಗೆ ಮಾಡಿರ್ತಾನೆ, ಕೊನೇಲಿ ಆಕೆ ಅವನ ಜೊತೇನೇ ಹೊರಡ್ತಾಳೆ, ಗೆಳೆಯರೆಲ್ಲ ನಿಂತು ಕಳಿಸಿಕೊಡ್ತಾರೆ. ಒಬ್ಬ ಓದುಗಾರ್ತಿ ಫ್ಯಾನ್ ಪತ್ರಿಕೆಯೊಂದರಲ್ಲಿ ಇದು ಪ್ರೇಮ ಅಲ್ಲ ಅತ್ಯಾಚಾರ ಅಂತ ನೇರವಾಗಿ ಬರೆದ್ರು. 1981ರಲ್ಲಿ ಕ್ರಿಸ್ ಕ್ಲೇರ್ಮಾಂಟ್ ಬರೆದ ಇನ್ನೊಂದು ಕಥೇಲಿ ಕ್ಯಾರಲ್ ವಾಪಸ್ ಬಂದು ನನಗೆ ಏನಾಗ್ತಿದೆ ಅಂತ ನೀವು ಯಾರೂ ಯಾಕೆ ಕೇಳ್ಲಿಲ್ಲ ಅನ್ನೋ ಅರ್ಥದಲ್ಲಿ ಅವೆಂಜರ್ಸ್‌ನ ತರಾಟೆಗೆ ತಗೋತಾಳೆ. ಕಾಮಿಕ್ಸ್ ತನ್ನ ತಪ್ಪನ್ನ ತನ್ನ ಪುಟದಲ್ಲೇ ಒಪ್ಪಿಕೊಂಡ ಗಳಿಗೆ ಅದು, ಅಂಥವು ಕಮ್ಮಿ.

ಇಲ್ಲಿಂದ ಮುಂದಿನ ಹತ್ತಿಪ್ಪತ್ತು ವರ್ಷ ಅರ್ಥ ಆಗಬೇಕಂದ್ರೆ ಕಥೆ ಬಿಟ್ಟು ಅಂಗಡಿ ಕಡೆ ನೋಡಬೇಕು. ಮೊದಲು ಅಮೆರಿಕದಲ್ಲಿ ಕಾಮಿಕ್ಸ್ ಸಿಗ್ತಿದ್ದಿದ್ದು ಪೇಪರ್ ಸ್ಟ್ಯಾಂಡು, ಮೆಡಿಕಲ್ ಶಾಪು, ದಿನಸಿ ಅಂಗಡಿ ಇಂಥ ಕಡೆ, ಅಮ್ಮನ ಜೊತೆ ಹೋದ ಹುಡುಗೀನೂ ಒಂದು ಎತ್ಕೊಂಡು ಬರ್ತಿದ್ಲು. 1947ರಿಂದ ರೊಮ್ಯಾನ್ಸ್ ಕಾಮಿಕ್ಸ್ ಅನ್ನೋ ದೊಡ್ಡ ಮಾರ್ಕೆಟ್ಟೇ ಇತ್ತು, ಓದ್ತಿದ್ದೋರಲ್ಲಿ ಹೆಚ್ಚಿನವರು ಹುಡುಗೀರು, ಅದು 1970ರ ದಶಕದಲ್ಲಿ ಸೊರಗಿ ಹೋಯ್ತು. ಅದೇ ದಶಕದಲ್ಲಿ ಕಾಮಿಕ್ಸ್‌ಗೇ ಅಂತ ಬೇರೆ ಅಂಗಡಿಗಳಿಗೆ ನೇರ ಸಪ್ಲೈ ಶುರುವಾಯ್ತು, ಹೆಚ್ಚು ಡಿಸ್ಕೌಂಟು, ಆದ್ರೆ ಮಾರದೆ ಉಳಿದಿದ್ದು ವಾಪಸ್ ಕೊಡಂಗಿಲ್ಲ. ವಾಪಸ್ ಇಲ್ಲ ಅಂದ್ಮೇಲೆ ಅಂಗಡಿಯವನು ಖಾತ್ರಿಯಾಗಿ ಮಾರೋದನ್ನೇ ತರಿಸ್ತಾನೆ, ಖಾತ್ರಿ ಗಿರಾಕಿ ಅಂದ್ರೆ ಪ್ರತಿ ವಾರ ಬರೋ ಹದಿನೆಂಟರಿಂದ ಮೂವತ್ತರ ಗಂಡು ಹುಡುಗರು, ಅವರಿಗೆ ಬೇಕಾಗಿದ್ದೇ ಇನ್ನೂ ಜಾಸ್ತಿ ಪ್ರಿಂಟ್ ಆಗತ್ತೆ, ಹುಡುಗೀರು ಆ ಅಂಗಡಿ ಒಳಗೆ ಕಾಲಿಡೋದೇ ನಿಂತುಹೋಗತ್ತೆ, ಆಮೇಲೆ ಹುಡುಗೀರು ಕಾಮಿಕ್ಸ್ ಓದಲ್ಲ ಬಿಡಿ ಅನ್ನೋ ಮಾತು ಹುಟ್ಟತ್ತೆ. ಇದರ ಜೊತೆಗೆ ಇನ್ನೊಂದು ಸೇರ್ಕೊಂತು. ಆರ್ಟಿಸ್ಟ್‌ಗಳಿಗೆ ಕೈಯಾರೆ ಬಿಡಿಸಿದ ಮೂಲ ಪುಟಗಳನ್ನ ಕಂಪನಿಗಳು ವಾಪಸ್ ಕೊಡೋಕೆ ಶುರುಮಾಡಿದ್ವು, ಅದು ನ್ಯಾಯವೇ, ಅದನ್ನ ಮಾರಿ ಅವರಿಗೆ ನಾಕು ಕಾಸು ಬರ್ತಿತ್ತು, ಆದ್ರೆ ಇಡೀ ಪುಟ ತುಂಬಿ ಪೋಸ್ ಕೊಟ್ಟು ನಿಂತ ಚಿತ್ರಕ್ಕೆ ಬರೋ ಬೆಲೆ ಮಾತಾಡ್ತಾ ಕೂತವರ ಆರು ಪ್ಯಾನೆಲ್‌ಗೆ ಬರಲ್ಲ. 1990ರ ದಶಕದ ಆ ಮುರಿದ ಸೊಂಟ, ಎದೆ ಮತ್ತು ಹಿಂಭಾಗ ಎರಡೂ ಒಟ್ಟಿಗೆ ಕಾಣೋ ಹಾಗೆ ತಿರುಚಿದ ಪೋಸ್, ಇವೆಲ್ಲ ಯಾರೋ ಒಬ್ಬರ ಕೆಟ್ಟ ಬುದ್ಧಿಯಿಂದ ಹುಟ್ಟಿದ್ದಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಜಾಗದಲ್ಲಿ ತಮಗೆ ಸರಿ ಅನ್ಸಿದ್ದನ್ನೇ ಮಾಡ್ತಾ ಹೋದ್ರು, ಒಟ್ಟು ಸೇರಿದಾಗ ಹೀಗಾಯ್ತು.

1994ಕ್ಕೆ ಬರೋಣ. ಗ್ರೀನ್ ಲ್ಯಾಂಟರ್ನ್ ಅನ್ನೋ ಡಿಸಿ ಹೀರೋನ ಜಾಗಕ್ಕೆ ಹೊಸಬನಾಗಿ ಕೈಲ್ ರೇನರ್ ಬಂದಿದ್ದ. ಅವನ ಗೆಳತಿ ಅಲೆಕ್ಸಾಂಡ್ರಾ ಡಿವಿಟ್, ಫೋಟೋಗ್ರಾಫರ್, ಚುರುಕು ಹುಡುಗಿ, ಅವನಿಗಿಂತ ಜವಾಬ್ದಾರಿ ಇದ್ದೋಳು. ಕೆಲವೇ ಸಂಚಿಕೆ ಆಯಸ್ಸು. 54ನೇ ಸಂಚಿಕೇಲಿ ಕೈಲ್ ಮನೆಗೆ ಬಂದಾಗ ವಿಲನ್ ಆಕೇನ ಕೊಂದು ಫ್ರಿಜ್ ಒಳಗೆ ತುರುಕಿರ್ತಾನೆ. ಕೈಲ್‌ಗೆ ಕೋಪ ಬರತ್ತೆ, ಅವನು ನಿಜವಾದ ಹೀರೋ ಆಗ್ತಾನೆ. ಹೀರೋನ ಗಟ್ಟಿ ಮಾಡೋಕೆ ಹುಡುಗಿ ಸಾವು ಅನ್ನೋದು ಹೊಸದೇನಲ್ಲ, 1973ರಲ್ಲಿ ಸ್ಪೈಡರ್‌ಮ್ಯಾನ್‌ನ ಗ್ವೆನ್ ಸ್ಟೇಸಿ ಸೇತುವೆ ಮೇಲಿಂದ ಬಿದ್ದು ಸತ್ತಿದ್ಲು, ಆದ್ರೆ ಗ್ವೆನ್‌ನ ಓದುಗರು ಎಂಟು ವರ್ಷ ನೋಡಿದ್ರು, ಆಕೆ ಸಾವಿಗೆ ನಿಜವಾದ ದುಃಖದ ತೂಕ ಇತ್ತು. ಅಲೆಕ್ಸಾಂಡ್ರಾಗೆ ಅಷ್ಟೂ ಸಿಗಲಿಲ್ಲ.

ಐದು ವರ್ಷ ಆದ್ಮೇಲೆ 1999ರಲ್ಲಿ ಗೇಲ್ ಸಿಮೋನ್, ಆಗ ಹೇರ್‌ಡ್ರೆಸರ್ ಆಗಿದ್ದ ಒಬ್ಬ ಕಾಮಿಕ್ಸ್ ಓದುಗಾರ್ತಿ, ಗೆಳೆಯರ ಜೊತೆ ಕೂತು ಒಂದು ಪಟ್ಟಿ ಮಾಡಿದ್ರು. ಸತ್ತವರು, ಅತ್ಯಾಚಾರಕ್ಕೆ ಒಳಗಾದವರು, ಅಂಗ ಕಳ್ಕೊಂಡವರು, ಶಕ್ತಿ ಕಳ್ಕೊಂಡವರು, ಹುಚ್ಚು ಹಿಡಿದವರು, ಬರೀ ಹೆಂಗಸರ ಹೆಸರು. ವುಮೆನ್ ಇನ್ ರೆಫ್ರಿಜರೇಟರ್ಸ್ ಅಂತ ಹೆಸರಿಟ್ಟು ಇಂಟರ್ನೆಟ್‌ಗೆ ಹಾಕಿ, ಕಾಮಿಕ್ಸ್ ಬರೆಯೋರಿಗೇ ಕಳಿಸಿ ಅಭಿಪ್ರಾಯ ಕೇಳಿದ್ರು. ಯಾರನ್ನೂ ದ್ವೇಷಿ ಅಂದಿರಲಿಲ್ಲ, ಒಂದೊಂದು ಕಥೇನೂ ತಪ್ಪು ಅಂದಿರಲಿಲ್ಲ, ಹುಡುಗೀರು ಇಷ್ಟಪಡೋ ಪಾತ್ರಗಳನ್ನೆಲ್ಲ ಹೀಗೆ ಮುಗಿಸ್ತಾ ಬಂದ್ರೆ ಹುಡುಗೀರು ಯಾಕೆ ಓದ್ತಾರೆ ಅನ್ನೋದಷ್ಟೇ ಪ್ರಶ್ನೆ. ಆ ಪಟ್ಟಿ ಓದಿದಾಗ ಒಂದು ಹೆಸರಿಂದ ಏನೂ ಅನ್ಸಲ್ಲ, ಹತ್ತಕ್ಕೂ ಅನ್ಸಲ್ಲ, ಕೆಳಗೆ ಹೋಗ್ತಾ ಹೋಗ್ತಾ ಎದೆ ಭಾರ ಆಗತ್ತೆ. ಹೀರೋ ಕಥೆಗೋಸ್ಕರ ಹೆಂಗಸನ್ನ ಬಲಿಕೊಡೋದಕ್ಕೆ ಫ್ರಿಜ್ ಮಾಡೋದು ಅನ್ನೋ ಮಾತು ಇವತ್ತು ಸಿನಿಮಾ, ಸೀರಿಯಲ್ ವಿಮರ್ಶೇಲೂ ಓಡಾಡತ್ತೆ.

ಆಗ ಬಂದ ಮುಖ್ಯ ಉತ್ತರ ಒಂದೇ, ಗಂಡು ಹೀರೋಗಳೂ ಸಾಯ್ತಾರಲ್ಲ. ಹೌದು ಸಾಯ್ತಾರೆ. ಸೂಪರ್‌ಮ್ಯಾನ್ 1992ರಲ್ಲಿ ಸತ್ತು 1993ರಲ್ಲಿ ಬಂದ. ಅವನ ಸಾವು ಅವನದೇ ಕಥೆ, ಹೋರಾಡ್ತಾ ಸತ್ತ, ಊರೆಲ್ಲ ಅತ್ತು. ವ್ಯತ್ಯಾಸ ಅಲ್ಲಿರೋದು. ಇದಕ್ಕೆ ಬ್ಯಾಟ್‌ಮ್ಯಾನ್‌ನ ಜೊತೆಗಾರರಾದ ರಾಬಿನ್‌ಗಳ (ಆ ವೇಷ ಒಬ್ಬರಾದ ಮೇಲೊಬ್ಬರು ಹಾಕ್ತಾರೆ) ಉದಾಹರಣೆಗಿಂತ ಸ್ಪಷ್ಟವಾದ್ದು ನಂಗೆ ಸಿಕ್ಕಿಲ್ಲ. 1988ರಲ್ಲಿ ಜೇಸನ್ ಟಾಡ್ ಅನ್ನೋ ರಾಬಿನ್ ಸಾಯಬೇಕಾ ಬದುಕಬೇಕಾ ಅಂತ ಓದುಗರಿಂದ ಫೋನ್ ವೋಟ್ ತಗೊಂಡ್ರು, 5,343ಕ್ಕೆ 5,271, ಸಾವೇ ಗೆದ್ದಿದ್ದು ಬರೀ 72 ವೋಟಲ್ಲಿ. ಆ ಹುಡುಗನ ವೇಷ ಬ್ಯಾಟ್‌ಮ್ಯಾನ್‌ನ ಗುಟ್ಟಿನ ಗುಹೆ ಬ್ಯಾಟ್‌ಕೇವ್‌ನಲ್ಲಿ ಗಾಜಿನ ಪೆಟ್ಟಿಗೇಲಿ ವರ್ಷಗಟ್ಟಲೆ ಇತ್ತು, ಬ್ಯಾಟ್‌ಮ್ಯಾನ್ ಅದರ ಮುಂದೆ ತಲೆತಗ್ಗಿಸಿ ನಿಲ್ಲೋನು. 2004ರಲ್ಲಿ ಸ್ಟೆಫನಿ ಬ್ರೌನ್ ಅನ್ನೋ ಹುಡುಗಿ ಸ್ವಲ್ಪ ದಿನ ರಾಬಿನ್ ಆದ್ಲು, ಆಕೇನ ಚಿತ್ರಹಿಂಸೆ ಕೊಟ್ಟು ಸಾಯಿಸಿದ್ರು, ಅದನ್ನ ಪುಟಗಟ್ಟಲೆ ತೋರಿಸಿದ್ರು, ಆಕೆಗೆ ಗಾಜಿನ ಪೆಟ್ಟಿಗೆ ಬರಲಿಲ್ಲ. ಫ್ಯಾನ್ಸ್ ಒಂದು ಅಭಿಯಾನವನ್ನೇ ಮಾಡಿ ಕೇಳಿದ್ದು ಅಷ್ಟೇ, ಒಂದು ಪೆಟ್ಟಿಗೆ ಇಡಿ. ಅದು ಇಡಲಿಲ್ಲ, 2008ರಲ್ಲಿ ಆಕೆ ಸತ್ತೇ ಇರಲಿಲ್ಲ ಅಂತ ವಾಪಸ್ ಕರ್ಕೊಂಡು ಬಂದ್ರು.

ಬಾರ್ಬರಾ ಕಡೆ ತಿರುಗಿದ್ರೆ ವಿಷಯ ಇನ್ನೂ ಜಟಿಲ. ಗುಂಡು ತಿಂದ್ಮೇಲೆ ಆಕೇನ ಮರೆತೇಬಿಡ್ತಿದ್ರೇನೋ, ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ಸೇರಿ 1989ರಲ್ಲಿ ಆಕೇನ ಒರಾಕಲ್ ಅನ್ನೋ ಹೆಸರಲ್ಲಿ ಎತ್ತಿ ತಂದ್ರು, ವೀಲ್‌ಚೇರ್‌ನಲ್ಲಿ ಕೂತು ಕಂಪ್ಯೂಟರ್ ಮುಂದೆ ಎಲ್ಲಾ ಹೀರೋಗಳಿಗೂ ದಾರಿ ತೋರಿಸೋ ಮಾಹಿತಿ ತಜ್ಞೆ. ಮುಂದೆ ಬರ್ಡ್ಸ್ ಆಫ್ ಪ್ರೇ ಅನ್ನೋ ತಂಡದ ನಾಯಕಿ, 2003ರಿಂದ ಅದನ್ನ ಬರೆದಿದ್ದು ಆ ಪಟ್ಟಿ ಮಾಡಿದ ಗೇಲ್ ಸಿಮೋನೇ. ಹಾಗಾಗಿ 2011ರಲ್ಲಿ ಡಿಸಿ ಎಲ್ಲಾ ಕಥೆ ಹೊಸದಾಗಿ ಶುರುಮಾಡಿ ಬಾರ್ಬರಾನ ಎದ್ದು ನಿಲ್ಲಿಸಿದಾಗ, ಅದನ್ನೂ ಸಿಮೋನೇ ಬರೆದ್ರು, ಕೆಲವರಿಗೆ ಖುಷಿ, ಆದ್ರೆ ವೀಲ್‌ಚೇರ್ ಬಳಸೋ ಓದುಗರಿಗೆ ನೋವು. ಆ ಲೋಕದಲ್ಲಿ ತಮ್ಮ ಥರ ಇದ್ದು ಯಾರ ಅನುಕಂಪಾನೂ ಬೇಡದೆ ಗೌರವ ಗಳಿಸಿದ್ದ ದೊಡ್ಡ ಪಾತ್ರ ಅದೊಂದೇ ಅಂತ ಅವರಂದ್ರು. ಅನ್ಯಾಯದಿಂದ ಹುಟ್ಟಿದ ಪಾತ್ರ ಇನ್ಯಾರಿಗೋ ಆಸರೆ ಆಗಿರತ್ತೆ, ಅದನ್ನ ಸರಿಮಾಡೋಕೆ ಹೋದ್ರೆ ಇನ್ನೊಂದು ಅನ್ಯಾಯ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಆದ್ರೆ ಒರಾಕಲ್ ಇಲ್ಲದ ಆ ಪುಟಗಳು ನಂಗೂ ಖಾಲಿ ಅನ್ಸಿದ್ವು.

ಆಮೇಲಿನದು ಬೇಗ ಹೇಳಿಬಿಡ್ತೀನಿ. 2012ರಲ್ಲಿ ಹೆಂಗಸರ ತಿರುಚಿದ ಪೋಸ್‌ಗಳಿಗೆ ಹಾಕೈ ಅನ್ನೋ ಗಂಡು ಹೀರೋನ ಕೂರಿಸಿ ಬಿಡಿಸೋ ಅಭಿಯಾನ ನಡೀತು, ಗಂಡಸರ ಮೈಯೂ ಉಬ್ಬಿಸ್ತಾರಲ್ಲ ಅನ್ನೋ ವಾದಕ್ಕೆ ಅದಕ್ಕಿಂತ ನೇರ ಉತ್ತರ ಇಲ್ಲ, ಗಂಡಿನ ಮೈ ಶಕ್ತಿ ತೋರಿಸೋಕೆ ಉಬ್ಬತ್ತೆ, ಹೆಣ್ಣಿನ ಮೈ ನೋಡೋರಿಗೋಸ್ಕರ ತಿರುಚತ್ತೆ. ಅದೇ ವರ್ಷ ಕ್ಯಾರಲ್ ಡ್ಯಾನ್ವರ್ಸ್ ಈಜುಡುಗೆ ಥರದ ವೇಷ ಬಿಟ್ಟು ಪೈಲಟ್ ಸೂಟ್ ಹಾಕಿ ಕ್ಯಾಪ್ಟನ್ ಮಾರ್ವೆಲ್ ಆದ್ಲು, ಬರೆದಿದ್ದು ಕೆಲ್ಲಿ ಸ್ಯೂ ಡಿಕಾನಿಕ್. 2014ರಲ್ಲಿ ಸ್ಪೈಡರ್‌ವುಮನ್‌ನ ಒಂದು ಮುಖಪುಟ, 2015ರಲ್ಲಿ ಬ್ಯಾಟ್‌ಗರ್ಲ್‌ನ ಒಂದು ಮುಖಪುಟದ ಮೇಲೆ ಜೋರು ಜಗಳ, ಎರಡನೇದು ಆ 1988ರ ಕಥೇನೇ ನೆನಪಿಸ್ತಿತ್ತು, ಕೊನೆಗೆ ಆರ್ಟಿಸ್ಟೇ ಕೇಳ್ಕೊಂಡು ಅದನ್ನ ಹಿಂದಕ್ಕೆ ತಗೊಂಡ್ರು. 2016ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ವಂಡರ್ ವುಮನ್‌ನ ಗೌರವ ರಾಯಭಾರಿ ಮಾಡ್ತು, ಸಿಬ್ಬಂದಿಯೇ ಪ್ರತಿಭಟಿಸಿದ್ರು, ಸುಮಾರು 45,000 ಸಹಿ ಬಿತ್ತು, ಡಿಸೆಂಬರ್‌ಗೆ ಆ ಹುದ್ದೆ ಮುಗೀತು. 2017ರ ನಂತರ ಇದೆಲ್ಲ ಅತಿಯಾಯ್ತು ಅನ್ನೋ ಗುಂಪೂ ಜೋರಾಗಿ, ಕಾಮಿಕ್ಸ್‌ನಲ್ಲಿ ಕೆಲಸ ಮಾಡೋ ಹೆಂಗಸರಿಗೆ ಆನ್‌ಲೈನ್ ಕಿರುಕುಳದವರೆಗೂ ಹೋಯ್ತು, ಅದನ್ನ ವಾದ ಅಂತ ಕರೆಯೋಕೆ ನಂಗೆ ಮನಸ್ಸು ಬರಲ್ಲ.

ಈ ಗದ್ದಲದ ನಡುವೆ 2014ರಲ್ಲಿ ಬಂದಿದ್ದು ಕಮಲಾ ಖಾನ್, ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹದಿನಾರರ ಹುಡುಗಿ, ಹೊಸ ಮಿಸ್ ಮಾರ್ವೆಲ್. ಎಡಿಟರ್ ಸನಾ ಅಮನತ್, ಬರೆದಿದ್ದು ಜಿ. ವಿಲೋ ವಿಲ್ಸನ್. ವೇಷ ಮನೇಲಿದ್ದ ಬುರ್ಕಿನಿಯಿಂದ, ಅಂದ್ರೆ ಮೈಪೂರ್ತಿ ಮುಚ್ಚೋ ಈಜುಡುಗೆಯಿಂದ, ಮಾಡ್ಕೊಂಡಿದ್ದು. ಕಾಮಿಕ್ಸ್ ಅಂಗಡಿಗೆ ಕಾಲಿಡದೇ ಇದ್ದ ಹುಡುಗೀರು ಪುಸ್ತಕದ ಅಂಗಡೀಲಿ, ಮೊಬೈಲಲ್ಲಿ ಆಕೇನ ಹುಡುಕಿ ಓದಿದ್ರು. ಆಕೆ ಕಥೇಲಿ ಅವಳ ನೋವು ಅವಳದೇ ಆಗಿತ್ತು, ಅಮ್ಮನ ಬೈಗುಳ, ಮಸೀದಿ, ಸ್ಕೂಲು, ಎಲ್ಲಾ.

2023ರ ಮೇ ಕೊನೇಲಿ ಕಮಲಾ ಖಾನ್ ಸತ್ತಳು. ಅವಳದೇ ಪುಸ್ತಕದಲ್ಲಲ್ಲ, ಅಮೇಜಿಂಗ್ ಸ್ಪೈಡರ್‌ಮ್ಯಾನ್‌ನ 26ನೇ ಸಂಚಿಕೇಲಿ. ಗ್ವೆನ್ ಸ್ಟೇಸಿ ಸತ್ತು ಸರಿಯಾಗಿ ಐವತ್ತು ವರ್ಷ ಆಗಿತ್ತು, ಅದೇ ಪತ್ರಿಕೆ. ಫ್ರಿಜ್ ಅನ್ನೋ ಪದ ಅವತ್ತೇ ಮತ್ತೆ ಎಲ್ಲರ ಬಾಯಲ್ಲಿತ್ತು. ಜುಲೈಯಲ್ಲಿ ಎಕ್ಸ್‌ಮೆನ್ ಅನ್ನೋ ಇನ್ನೊಂದು ಹೀರೋ ತಂಡದ ಕಥೆಯೊಂದರಲ್ಲಿ ಆಕೇನ ಬದುಕಿಸಿದ್ರು, ಆಗಸ್ಟ್‌ನಲ್ಲಿ ಅವಳದೇ ಹೆಸರಿನ ಹೊಸ ಸರಣಿ ಬಂತು, ಬರೆದ ಇಬ್ಬರಲ್ಲಿ ಒಬ್ಬಳು ಇಮಾನ್ ವೆಲ್ಲಾನಿ, ಟೀವಿ ಸರಣೀಲಿ ಕಮಲಾ ಪಾತ್ರ ಮಾಡಿದ ಹುಡುಗಿ, ಅವಳೂ ಈ ಕಾಮಿಕ್ಸ್ ಓದಿಕೊಂಡೇ ಬೆಳೆದೋಳು.