ಹಿಡಿದವರು ಯಾರು, ಬಿಟ್ಟವರು ಯಾರು: ಪರ್ಲ್ ಸರ್ವರಿನ ಸಾಕೆಟ್ ಲೆಕ್ಕ

ಒಂದು ಸರ್ವರಿನ 443ನೇ ಪೋರ್ಟಿಗೆ (ಒಂದೇ ಯಂತ್ರದಲ್ಲಿ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ಬಾಗಿಲ ಸಂಖ್ಯೆ) ಏಕಕಾಲಕ್ಕೆ ಸಾವಿರಾರು ಕ್ಲೈಂಟ್‌ಗಳು ಅಂಟಿಕೊಂಡಿರುತ್ತವೆ. ವಿಳಾಸ ಒಂದೇ, ಪೋರ್ಟೂ ಒಂದೇ. ಹಾಗಿದ್ದೂ ಒಬ್ಬರಿಗೆ ಹೋಗಬೇಕಾದ ಉತ್ತರ ಇನ್ನೊಬ್ಬರ ಪರದೆಯ ಮೇಲೆ ಬೀಳುವುದಿಲ್ಲ. ಕ್ಲೈಂಟ್ ಬಂದಾಗಲೆಲ್ಲ ಸರ್ವರ್ ಅದಕ್ಕೊಂದು ಹೊಸ ಪೋರ್ಟ್ ತೆಗೆದುಕೊಡುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಪ್ರೋಗ್ರಾಂ ಬರೆಯುವವರಲ್ಲೂ ಈ ನಂಬಿಕೆ ಇದೆ. ಅದು ಸರಿಯಲ್ಲ. ಎರಡು ತುದಿಗಳ ನಡುವೆ ಮಾಹಿತಿ ಸಾಗಿಸುವ ನಿಯಮಾವಳಿಯಾದ ಟಿಸಿಪಿ ಒಂದು ಸಂಪರ್ಕವನ್ನು ಗುರುತಿಸುವುದು ನಾಲ್ಕು ಅಂಶಗಳನ್ನು ಒಟ್ಟಿಗೆ ನೋಡಿ: ಈ ತುದಿಯ ಐಪಿ ವಿಳಾಸ ಮತ್ತು ಪೋರ್ಟ್, ಆ ತುದಿಯ ಐಪಿ ವಿಳಾಸ ಮತ್ತು ಪೋರ್ಟ್. ಸರ್ವರ್ ಕಡೆಯ ಎರಡೂ ಬದಲಾಗದಿದ್ದರೇನಂತೆ, ಆಚೆ ಕಡೆಯ ಎರಡರಲ್ಲಿ ಒಂದು ಬೇರೆಯಾಗಿದ್ದರೆ ಸಾಕು, ಅದು ಬೇರೆಯದೇ ಸಂಪರ್ಕ.

ಸರ್ವರ್ ಪ್ರೋಗ್ರಾಮಿನ ಒಳಗೆ ಇದಕ್ಕೆ ತಕ್ಕಂತೆ ಎರಡು ಜಾತಿಯ ಸಾಕೆಟ್‌ಗಳು, ಅಂದರೆ ಪ್ರೋಗ್ರಾಂ ನೆಟ್‌ವರ್ಕಿನೊಡನೆ ಮಾತಾಡುವ ತುದಿಗಳು, ಇರುತ್ತವೆ. ಒಂದು, ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುವ ಲಿಸನಿಂಗ್ ಸಾಕೆಟ್. ಇದರ ಮೂಲಕ ಒಂದು ಬೈಟ್ ಮಾಹಿತಿಯೂ ಹರಿಯುವುದಿಲ್ಲ. ಓದಲು ಹೋದರೆ ದೋಷ ಬರುತ್ತದೆ. ಹೊಸ ಸಂಪರ್ಕಗಳನ್ನು ಹುಟ್ಟಿಸುವುದಷ್ಟೇ ಇದರ ಕೆಲಸ. ಎರಡನೆಯದು, ಆಕ್ಸೆಪ್ಟ್ ಎಂಬ ಕರೆ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್‌ಗೆ ಸಲ್ಲಿಸುವ ಕೋರಿಕೆ) ಪ್ರತಿ ಸಲವೂ ಹೊಸದಾಗಿ ಕೊಡುವ ಕ್ಲೈಂಟ್ ಸಾಕೆಟ್. ಮಾತುಕತೆ ನಡೆಯುವುದೆಲ್ಲ ಇದರಲ್ಲೇ. ಮೊದಲನೆಯದು ಸರ್ವರ್ ಬದುಕಿರುವವರೆಗೂ ಇರಬೇಕು, ಎರಡನೆಯದು ಕೆಲಸ ಮುಗಿದ ಕೂಡಲೇ ಹೋಗಬೇಕು. ಕೇಳಲು ಇಷ್ಟು ಸರಳ. ಆದರೆ ನೆಟ್‌ವರ್ಕ್ ಸರ್ವರ್‌ಗಳಲ್ಲಿ ಕಾಣುವ ವಿಚಿತ್ರ ತೊಂದರೆಗಳಲ್ಲಿ ಎಷ್ಟೋ ಹುಟ್ಟುವುದು ಈ ಎರಡು ಆಯುಷ್ಯಗಳ ಲೆಕ್ಕ ತಪ್ಪಿದಾಗಲೇ.

ಈ ಲೆಕ್ಕವನ್ನು ಕಲಿಯಲು ಪರ್ಲ್ ಬಹಳ ಒಳ್ಳೆಯ ಜಾಗ ಎಂಬುದು ನನ್ನ ಅಭಿಪ್ರಾಯ. ಸಾಕೆಟ್‌ನ ಕಲ್ಪನೆ ಜನಬಳಕೆಗೆ ಬಂದದ್ದು 1983ರಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹೊರತಂದ 4.2ಬಿಎಸ್‌ಡಿ ಯುನಿಕ್ಸ್ ಜೊತೆಗೆ. ಲ್ಯಾರಿ ವಾಲ್ 1987ರಲ್ಲಿ ಬಿಡುಗಡೆ ಮಾಡಿದ ಪರ್ಲ್ ಭಾಷೆಯಲ್ಲಿ ಸಾಕೆಟ್, ಬೈಂಡ್, ಲಿಸನ್, ಆಕ್ಸೆಪ್ಟ್ ಇವೆಲ್ಲ ಯುನಿಕ್ಸ್‌ನಲ್ಲಿದ್ದ ಹೆಸರಿನಲ್ಲೇ ಭಾಷೆಯ ಒಳಗಿನ ಕರೆಗಳಾಗಿವೆ. ಐಒ ಸಾಕೆಟ್ ಮಾಡ್ಯೂಲ್ ಬಳಸಿದರೆ ಮೊದಲ ಮೂರು ಹೆಜ್ಜೆ, ಅಂದರೆ ಸಾಕೆಟ್ ತೆರೆಯುವುದು, ಅದನ್ನು ಪೋರ್ಟಿಗೆ ಕಟ್ಟುವುದು, ಕಿವಿಗೊಡುವುದು, ಒಂದೇ ಸಾಲಿಗೆ ಇಳಿಯುತ್ತವೆ. ಭಾಷೆಗೂ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೂ ನಡುವಿನ ಪರದೆ ತೆಳುವಾಗಿರುವುದರಿಂದ ಒಳಗೆ ಏನಾಗುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಲಿಸನ್ ಕರೆಗೆ ಒಂದು ಸಂಖ್ಯೆ ಕೊಡಬೇಕು. ಹಳೆಯ ಉದಾಹರಣೆಗಳಲ್ಲಿ ಅದು 5 ಎಂದಿರುತ್ತದೆ. ಒಟ್ಟು ಐದೇ ಕ್ಲೈಂಟ್‌ಗಳಿಗೆ ಅವಕಾಶ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಸಂಪರ್ಕ ಕುದುರಿಸುವ ಟಿಸಿಪಿಯ ಮೂರು ಹೆಜ್ಜೆಯ ಹಸ್ತಲಾಘವವನ್ನು ಕರ್ನಲ್ ತಾನೇ ಮುಗಿಸಿ, ಸಿದ್ಧವಾದ ಸಂಪರ್ಕವನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ನಮ್ಮ ಪ್ರೋಗ್ರಾಂ ಆಕ್ಸೆಪ್ಟ್ ಎಂದಾಗ ಆ ಸಾಲಿನ ತಲೆಯಲ್ಲಿರುವುದು ಕೈಗೆ ಬರುತ್ತದೆ. ಕೊಟ್ಟ ಸಂಖ್ಯೆ ಈ ಸಾಲಿನ ಉದ್ದಕ್ಕೆ ಸಂಬಂಧಿಸಿದ್ದು. ಲಿನಕ್ಸ್‌ನಲ್ಲಿ ಇದರ ಮೇಲಿನ ಮಿತಿ ಬಹುಕಾಲ 128 ಇತ್ತು, 5.4ನೇ ಕರ್ನಲ್‌ನಿಂದ 4096 ಆಯಿತು. ಹಾಗಾಗಿ ಕ್ಲೈಂಟ್ ಪಾಲಿಗೆ ಸಂಪರ್ಕ ಸಿಕ್ಕಿರುತ್ತದೆ, ಸರ್ವರ್ ಪ್ರೋಗ್ರಾಂ ಇನ್ನೂ ಅತ್ತ ತಿರುಗಿಯೂ ನೋಡಿರುವುದಿಲ್ಲ. ಸಾಲು ತುಂಬಿದರೆ ಲಿನಕ್ಸ್ ಸಾಮಾನ್ಯವಾಗಿ ಹೊಸಬರನ್ನು ಬೇಡವೆಂದು ತಿರಸ್ಕರಿಸುವುದಿಲ್ಲ, ಅವರ ಪ್ಯಾಕೆಟ್‌ಗಳನ್ನು ಸುಮ್ಮನೆ ಕೈಬಿಡುತ್ತದೆ. ಕ್ಲೈಂಟ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹೊರಗಿನಿಂದ ನೋಡುವವರಿಗೆ ಸರ್ವರ್ ನಿಧಾನ ಎನಿಸುತ್ತದೆಯೇ ಹೊರತು ಸಾಲು ತುಂಬಿದೆ ಎಂದು ಹೊಳೆಯುವುದಿಲ್ಲ.

ಈಗ ನಿಜವಾದ ಸಿಕ್ಕಿನ ಜಾಗಕ್ಕೆ ಬರೋಣ. ಒಂದು ಕ್ಲೈಂಟ್ ಜೊತೆ ಮಾತಾಡುತ್ತ ಕೂತರೆ ಉಳಿದವರು ಕಾಯಬೇಕು. ಅದಕ್ಕೆ ಯುನಿಕ್ಸ್‌ನ ಹಳೆಯ ಪರಿಹಾರ ಫೋರ್ಕ್: ಆಕ್ಸೆಪ್ಟ್ ಆದೊಡನೆ ಪ್ರೋಗ್ರಾಂ ತನ್ನದೇ ನಕಲೊಂದನ್ನು ಹುಟ್ಟಿಸುತ್ತದೆ, ಮರಿ ಪ್ರಕ್ರಿಯೆ ಕ್ಲೈಂಟನ್ನು ನೋಡಿಕೊಳ್ಳುತ್ತದೆ, ತಾಯಿ ಪ್ರಕ್ರಿಯೆ ಮುಂದಿನವರಿಗಾಗಿ ಕಾಯುತ್ತದೆ. ಆದರೆ ನಕಲಾಗುವಾಗ ತೆರೆದಿದ್ದ ಎಲ್ಲ ಫೈಲ್ ಡಿಸ್ಕ್ರಿಪ್ಟರ್‌ಗಳೂ (ತೆರೆದ ಫೈಲ್, ಸಾಕೆಟ್‌ಗಳಿಗೆ ಕರ್ನಲ್ ಕೊಡುವ ಸಂಖ್ಯೆಗಳು) ನಕಲಾಗುತ್ತವೆ. ಲಿಸನಿಂಗ್ ಸಾಕೆಟ್ ಇಬ್ಬರ ಬಳಿಯೂ ಇದೆ, ಕ್ಲೈಂಟ್ ಸಾಕೆಟ್ ಸಹ ಇಬ್ಬರ ಬಳಿಯೂ ಇದೆ. ಹಲವರು ಹಿಡಿದ ಹಗ್ಗ ಒಬ್ಬರು ಕೈಬಿಟ್ಟರೆ ನೆಲಕ್ಕೆ ಬೀಳುವುದಿಲ್ಲ. ಕರ್ನಲ್ ಒಳಗಿನ ಸಾಕೆಟ್ ಕೂಡ ಕೊನೆಯ ಕೈ ಬಿಡುವವರೆಗೆ ಮುಚ್ಚುವುದಿಲ್ಲ.

ಪರಿಣಾಮ ನೋಡಿ. ಮರಿ ಪ್ರಕ್ರಿಯೆ ಉತ್ತರವನ್ನೆಲ್ಲ ಕಳಿಸಿ ಸಾಕೆಟ್ ಮುಚ್ಚಿ ಸತ್ತೂ ಹೋಯಿತು. ತಾಯಿ ತನ್ನ ಪ್ರತಿಯನ್ನು ಮುಚ್ಚದಿದ್ದರೆ ಸಂಪರ್ಕ ಮುಗಿಯಿತು ಎಂಬ ಸೂಚನೆ ಕ್ಲೈಂಟಿಗೆ ಹೋಗುವುದೇ ಇಲ್ಲ. ಅದು ಇನ್ನೂ ಏನೋ ಬರಲಿದೆ ಎಂದು ಕಾಯುತ್ತಲೇ ಇರುತ್ತದೆ. ಪರ್ಲ್‌ನಲ್ಲಿ ಇದಕ್ಕೊಂದು ವಿಶಿಷ್ಟ ರೂಪವಿದೆ. ಹಳೆಯ ಶೈಲಿಯಲ್ಲಿ ಬರೆದವರು ಇಡೀ ಪ್ರೋಗ್ರಾಮಿಗೆ ಒಂದೇ ಹೆಸರಿನ ಕ್ಲೈಂಟ್ ಹ್ಯಾಂಡಲ್ (ಸಾಕೆಟನ್ನು ಹಿಡಿಯಲು ಪರ್ಲ್ ಬಳಸುವ ಹಿಡಿಕೆ) ಇಟ್ಟುಕೊಳ್ಳುತ್ತಿದ್ದರು. ಮುಂದಿನ ಆಕ್ಸೆಪ್ಟ್ ಫಲಿಸಿದಾಗ ಅದೇ ಹೆಸರಿಗೆ ಹೊಸ ಸಾಕೆಟ್ ಬಂದು ಹಳೆಯದು ತಾನಾಗಿ ಮುಚ್ಚುತ್ತದೆ. ಅಂದರೆ ಪ್ರತಿ ಕ್ಲೈಂಟೂ ತನ್ನ ಮುಂದಿನವನು ಬರುವವರೆಗೆ ನೇತಾಡುತ್ತಿರುತ್ತದೆ. ದಟ್ಟಣೆ ಇರುವಾಗ ಎಲ್ಲವೂ ಸರಿ, ದಟ್ಟಣೆ ಇಳಿದಾಗ ಮಾತ್ರ ತೊಂದರೆ. ಸಾಮಾನ್ಯ ಅನುಭವಕ್ಕೆ ಇದು ತೀರ ತದ್ವಿರುದ್ಧ. ಹಾಗಾಗಿಯೇ ಪತ್ತೆ ಮಾಡುವುದು ಕಷ್ಟ.

ಈಗಿನ ಪರ್ಲ್‌ನಲ್ಲಿ ಹ್ಯಾಂಡಲನ್ನು 'ಮೈ' (my) ಎಂದು ಘೋಷಿಸಿದ, ಸೀಮಿತ ವ್ಯಾಪ್ತಿಯ ಚರದಲ್ಲಿ ಇಟ್ಟರೆ ಅರ್ಧ ಸಮಸ್ಯೆ ಹೋಗುತ್ತದೆ. ಆ ಚರದ ವ್ಯಾಪ್ತಿ ಮುಗಿದು, ಬೇರೆ ಯಾರೂ ಅದನ್ನು ಉಲ್ಲೇಖಿಸುತ್ತಿಲ್ಲ ಎಂದಾದ ಕ್ಷಣ ಪರ್ಲ್ ಸಾಕೆಟನ್ನು ಮುಚ್ಚುತ್ತದೆ. ಇಲ್ಲಿ ಎರಡು ಅಂತಸ್ತಿನ ಲೆಕ್ಕವಿದೆ ಎಂಬುದನ್ನು ಗಮನಿಸಬೇಕು. ಒಂದು ಪ್ರಕ್ರಿಯೆಯ ಒಳಗೆ ಎಷ್ಟು ಚರಗಳು ಹ್ಯಾಂಡಲನ್ನು ಹಿಡಿದಿವೆ ಎಂಬ ಎಣಿಕೆ ಪರ್ಲ್‌ನದು; ಎಷ್ಟು ಡಿಸ್ಕ್ರಿಪ್ಟರ್‌ಗಳು ಸಾಕೆಟನ್ನು ಹಿಡಿದಿವೆ ಎಂಬ ಎಣಿಕೆ ಕರ್ನಲ್‌ನದು. ಅಂಕಿ ಅಂಶಕ್ಕೆಂದು ಕ್ಲೈಂಟ್ ಹ್ಯಾಂಡಲನ್ನು ಒಂದು ಹ್ಯಾಶ್‌ನಲ್ಲಿ (ಪರ್ಲ್‌ನ ಹೆಸರು-ಬೆಲೆ ಪಟ್ಟಿ) ಸೇರಿಸಿ, ತೆಗೆಯಲು ಮರೆತರೆ ಮೊದಲ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಆದ್ದರಿಂದ ಎರಡನೆಯದೂ ಇಳಿಯುವುದಿಲ್ಲ. ಒಂದು ಪ್ರಕ್ರಿಯೆ ತೆರೆಯಬಹುದಾದ ಡಿಸ್ಕ್ರಿಪ್ಟರ್‌ಗಳಿಗೆ ಮಿತಿಯಿದೆ, ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 1024. ಸೋರಿಕೆ ಅಲ್ಲಿಗೆ ಮುಟ್ಟಿದ ದಿನ ಆಕ್ಸೆಪ್ಟ್ ವಿಫಲವಾಗತೊಡಗುತ್ತದೆ. ಕ್ಲೋಸ್ ಕರೆ ಒಂದು ಕೈಯನ್ನಷ್ಟೇ ಬಿಡಿಸಿದರೆ, ಶಟ್‌ಡೌನ್ ಕರೆ ಯಾರೆಷ್ಟು ಹಿಡಿದಿದ್ದರೂ ಸಂಪರ್ಕವನ್ನೇ ಮುಗಿಸುತ್ತದೆ. ಮರಿ ಪ್ರಕ್ರಿಯೆಯಲ್ಲಿ ಕೊನೆಗೆ ಶಟ್‌ಡೌನ್ ಹಾಕುವುದು ಒಳ್ಳೆಯ ರೂಢಿ, ಆದರೆ ಅದು ತಾಯಿಯಲ್ಲಿನ ಸೋರಿಕೆಗೆ ಮದ್ದಲ್ಲ.

ಇನ್ನೊಂದು ದಿಕ್ಕಿನ ತಪ್ಪು, ಮರಿ ಪ್ರಕ್ರಿಯೆ ಲಿಸನಿಂಗ್ ಸಾಕೆಟನ್ನು ಮುಚ್ಚದಿರುವುದು. ಇದು ಗೊತ್ತಾಗುವುದು ಸರ್ವರನ್ನು ಮರುಚಾಲನೆ ಮಾಡುವಾಗ. ತಾಯಿ ಸತ್ತಿರುತ್ತದೆ, ಉದ್ದನೆಯ ಕೆಲಸದಲ್ಲಿರುವ ಮರಿಯೊಂದು ಪೋರ್ಟನ್ನು ಹಿಡಿದು ಕೂತಿರುತ್ತದೆ, ಹೊಸ ಸರ್ವರಿಗೆ ವಿಳಾಸ ಆಗಲೇ ಬಳಕೆಯಲ್ಲಿದೆ ಎಂಬ ದೋಷ ಸಿಗುತ್ತದೆ. ಇದೇ ದೋಷಕ್ಕೆ ಇನ್ನೊಂದು ನಿರಪಾಯಕಾರಿ ಕಾರಣವೂ ಇದೆ: ಸಂಪರ್ಕವನ್ನು ಮೊದಲು ಮುಚ್ಚಿದ ಬದಿ, ದಾರಿಯಲ್ಲಿ ಉಳಿದ ಪ್ಯಾಕೆಟ್‌ಗಳು ಗೊಂದಲ ಮಾಡದಿರಲೆಂದು ಟೈಮ್-ವೇಟ್ ಸ್ಥಿತಿಯಲ್ಲಿ ಸ್ವಲ್ಪ ಕಾಲ ನಿಲ್ಲುತ್ತದೆ, ಲಿನಕ್ಸ್‌ನಲ್ಲಿ 60 ಸೆಕೆಂಡ್. ಸಾಕೆಟ್ ತೆರೆಯುವಾಗ ರೀಯೂಸ್-ಅಡ್ರೆಸ್ ಆಯ್ಕೆ ಕೊಟ್ಟರೆ ಈ ಎರಡನೆಯ ಕಾರಣ ನಿವಾರಣೆಯಾಗುತ್ತದೆ. ಕೊಟ್ಟ ಮೇಲೂ ದೋಷ ಬಂದರೆ ಯಾರೋ ಲಿಸನಿಂಗ್ ಸಾಕೆಟನ್ನು ಬಿಟ್ಟಿಲ್ಲ ಎಂದೇ ತಿಳಿದು ಹುಡುಕಬೇಕು.

ಮರಿ ಸತ್ತಾಗ ತಾಯಿಗೆ ಕರ್ನಲ್‌ನಿಂದ ಸಿಗ್ನಲ್ ಎಂಬ ಒಂದು ಸೂಚನೆ ಬರುತ್ತದೆ. ಅದನ್ನು ಹಿಡಿದು, ಸತ್ತ ಮರಿಯ ಲೆಕ್ಕ ಮುಗಿಸುವ ವೇಟ್‌ಪಿಡ್ ಕರೆಯದಿದ್ದರೆ ಸತ್ತ ಪ್ರಕ್ರಿಯೆಗಳು ಜೋಂಬಿಗಳಾಗಿ ಪಟ್ಟಿಯಲ್ಲಿ ಉಳಿಯುತ್ತವೆ. ಆದರೆ ಸಿಗ್ನಲ್ ಹಿಡಿಯಲು ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಪ್ರೋಗ್ರಾಂ ತುಣುಕು) ಇಟ್ಟ ಕೂಡಲೇ ಹೊಸ ಅಪಾಯ ಎದುರಾಗುತ್ತದೆ. ತಾಯಿ ಆಕ್ಸೆಪ್ಟ್‌ನಲ್ಲಿ ಕಾಯುತ್ತಿರುವಾಗ ಸಿಗ್ನಲ್ ಬಂದರೆ ಆ ಕರೆ ಅರ್ಧಕ್ಕೆ ಮುರಿದು ಬರಿಗೈಯಲ್ಲಿ ಮರಳುತ್ತದೆ. ಆಕ್ಸೆಪ್ಟ್ ಏನಾದರೂ ಕೊಡುವವರೆಗೆ ಸುತ್ತು ಎಂದು ಬರೆದ ಲೂಪ್ ಅಲ್ಲಿಗೇ ಮುಗಿಯುತ್ತದೆ, ಸರ್ವರ್ ಯಾವ ದೂರೂ ಹೇಳದೆ ನಿಂತುಹೋಗುತ್ತದೆ. 2002ರಲ್ಲಿ ಬಂದ ಪರ್ಲ್ 5.8 ಸಿಗ್ನಲ್‌ಗಳನ್ನು ಸುರಕ್ಷಿತ ಘಳಿಗೆಯವರೆಗೆ ತಡೆಹಿಡಿಯುವ ವ್ಯವಸ್ಥೆ ತಂದಿತು. ಅದರ ಅಂಗವಾಗಿ, ಮುರಿದ ಕರೆಗಳನ್ನು ಕರ್ನಲ್ ತಾನೇ ಮತ್ತೆ ಆರಂಭಿಸಲಿ ಎಂದು ಕೇಳುವುದನ್ನೂ ನಿಲ್ಲಿಸಿತು. ಹೀಗಾಗಿ ಹಿಂದೆ ಸಲೀಸಾಗಿ ನಡೆಯುತ್ತಿದ್ದ ಕಡೆ ಈಗ ಕರೆ ವಿಫಲವಾಗಬಹುದು. ಆಕ್ಸೆಪ್ಟ್ ಬರಿಗೈಯಲ್ಲಿ ಬಂದಾಗ ದೋಷದ ಹೆಸರು ನೋಡಿ, ಸಿಗ್ನಲ್‌ನಿಂದ ಮುರಿದದ್ದಾದರೆ ಸುಮ್ಮನೆ ಮತ್ತೆ ಕಾಯಬೇಕು. ಇಷ್ಟು ಪುಟ್ಟ ಪರೀಕ್ಷೆ ಎಷ್ಟೋ ಸರ್ವರ್‌ಗಳಲ್ಲಿ ಇರುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಫೋರ್ಕ್ ಬೇಡವೆಂದರೆ ಒಂದೇ ಪ್ರಕ್ರಿಯೆಯಲ್ಲಿ ಎಲ್ಲ ಸಾಕೆಟ್‌ಗಳ ಮೇಲೂ ಕಣ್ಣಿಡುವ ಸೆಲೆಕ್ಟ್ ದಾರಿಯಿದೆ. ಐಒ ಸೆಲೆಕ್ಟ್ ಮಾಡ್ಯೂಲಿಗೆ ಲಿಸನಿಂಗ್ ಸಾಕೆಟನ್ನೂ ಕ್ಲೈಂಟ್‌ಗಳನ್ನೂ ಒಟ್ಟಿಗೆ ಕೊಡಬಹುದು. ಲಿಸನಿಂಗ್ ಸಾಕೆಟ್ ಓದಲು ಸಿದ್ಧ ಎಂದರೆ ಸಾಲಿನಲ್ಲಿ ಹೊಸಬರಿದ್ದಾರೆ ಎಂದರ್ಥ. ಕ್ಲೈಂಟ್ ಸಿದ್ಧವಿದ್ದು, ಕರ್ನಲ್‌ನಿಂದ ನೇರವಾಗಿ ಓದುವ ಸಿಸ್‌ರೀಡ್ ಕರೆ ಸೊನ್ನೆ ಕೊಟ್ಟರೆ ಆಚೆಯವರು ಮುಗಿಸಿದ್ದಾರೆ. ಹ್ಯಾಂಡಲನ್ನು ಸೆಲೆಕ್ಟ್ ಪಟ್ಟಿಯಿಂದಲೂ ತೆಗೆಯಬೇಕು, ನಮ್ಮ ಹ್ಯಾಶ್‌ನಿಂದಲೂ ತೆಗೆಯಬೇಕು. ಪರ್ಲ್‌ನಲ್ಲಿ ಸಾಲು ಸಾಲಾಗಿ ಓದುವ ಅನುಕೂಲದ ವಿಧಾನವನ್ನು ಇಲ್ಲಿ ಬಳಸಬಾರದು. ಅದು ಸಿಕ್ಕಷ್ಟು ಮಾಹಿತಿಯನ್ನು ತನ್ನ ಬಫರ್‌ಗೆ ಎಳೆದುಕೊಂಡು ಒಂದು ಸಾಲನ್ನಷ್ಟೇ ಕೊಡುತ್ತದೆ. ಉಳಿದದ್ದು ಪರ್ಲ್ ಬಳಿ ಇರುತ್ತದೆ, ಕರ್ನಲ್ ಮಾತ್ರ ಏನೂ ಬಾಕಿಯಿಲ್ಲ ಎನ್ನುತ್ತದೆ, ಸೆಲೆಕ್ಟ್ ಎಚ್ಚರಿಸುವುದೇ ಇಲ್ಲ. ಲಿಸನಿಂಗ್ ಸಾಕೆಟನ್ನು ನಾನ್-ಬ್ಲಾಕಿಂಗ್ (ಕಾಯದೆ ಕೂಡಲೇ ಮರಳುವಂತೆ) ಮಾಡುವುದೂ ಅಗತ್ಯ, ಏಕೆಂದರೆ ಸೆಲೆಕ್ಟ್ ಸಿದ್ಧ ಎಂದದ್ದಕ್ಕೂ ನಾವು ಆಕ್ಸೆಪ್ಟ್ ಎನ್ನುವುದಕ್ಕೂ ನಡುವೆ ಕ್ಲೈಂಟ್ ಮಾಯವಾಗಿರಬಹುದು. ಈಗ ಬಹುಪಾಲು ಜನ ಈ ಕೆಲಸವನ್ನು ಎನಿಇವೆಂಟ್, ಐಒ ಅಸಿಂಕ್, ಮೋಜೋಲಿಶಿಯಸ್ ಮೊದಲಾದ ಪರ್ಲ್ ಮಾಡ್ಯೂಲ್‌ಗಳಿಗೆ ಬಿಟ್ಟಿರುತ್ತಾರೆ. ಒಳಗಿನ ನಿಯಮಗಳು ಇವೇ.

ಹೇಳದೆ ಕೇಳದೆ ಹೋಗುವ ಕ್ಲೈಂಟ್‌ಗಳದು ಬೇರೆಯದೇ ಸಮಸ್ಯೆ. ಕೇಬಲ್ ಕಿತ್ತರೆ, ಬ್ಯಾಟರಿ ಮುಗಿದರೆ ವಿದಾಯದ ಪ್ಯಾಕೆಟ್ ಬರುವುದಿಲ್ಲ. ಸರ್ವರ್ ಏನನ್ನೂ ಕಳಿಸದೆ ಬರೀ ಕಾಯುತ್ತಿದ್ದರೆ ಸಂಪರ್ಕ ಎಷ್ಟು ಕಾಲ ಬೇಕಾದರೂ ಜೀವಂತ ಎಂದೇ ಕಾಣುತ್ತದೆ. ಆಚೆಯವರು ಇನ್ನೂ ಇದ್ದಾರೆಯೇ ಎಂದು ವಿಚಾರಿಸುವ ಕೀಪ್-ಅಲೈವ್ ಆಯ್ಕೆ ಇದೆ ನಿಜ, ಆದರೆ ಲಿನಕ್ಸ್‌ನಲ್ಲಿ ಅದು ಮೊದಲ ವಿಚಾರಣೆ ಕಳಿಸುವುದೇ 7200 ಸೆಕೆಂಡ್, ಅಂದರೆ ಎರಡು ಗಂಟೆ ಮೌನದ ನಂತರ. ಆದ್ದರಿಂದ ಪ್ರತಿ ಕ್ಲೈಂಟಿನ ಕೊನೆಯ ಚಟುವಟಿಕೆಯ ಹೊತ್ತನ್ನು ನಾವೇ ಬರೆದಿಟ್ಟು, ಅವಧಿ ಮೀರಿದವರನ್ನು ಕಳಿಸಬೇಕು. ಹೋದವರಿಗೆ ಬರೆಯಲು ಹೋದರೆ ಬರುವ ಸಿಗ್‌ಪೈಪ್ ಸಿಗ್ನಲ್ ಇಡೀ ಪ್ರಕ್ರಿಯೆಯನ್ನೇ ಕೊಲ್ಲಬಲ್ಲದು. ಅದನ್ನು ಕಡೆಗಣಿಸಲು ಮೊದಲೇ ಹೇಳಿರಬೇಕು.

ಕೈ ಬಿಡದಿರುವುದೇ ವರವಾಗುವ ಸಂದರ್ಭವೂ ಒಂದಿದೆ: ಒಬ್ಬ ಕ್ಲೈಂಟನ್ನೂ ಕಳೆದುಕೊಳ್ಳದೆ ಸರ್ವರಿನ ಹೊಸ ಆವೃತ್ತಿಗೆ ಹೋಗುವುದು. ಲಿಸನಿಂಗ್ ಸಾಕೆಟನ್ನು ಮುಚ್ಚದೆ ಹೊಸ ಪ್ರಕ್ರಿಯೆಗೆ ದಾಟಿಸಿದರೆ ಸಾಲು ಹಾಗೆಯೇ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಸೇವೆಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಂಡಿ ಇದೇ ಉಪಾಯದಿಂದ 3ನೇ ಡಿಸ್ಕ್ರಿಪ್ಟರ್‌ನಿಂದ ಆರಂಭಿಸಿ ಸಾಕೆಟ್‌ಗಳನ್ನು ಹಸ್ತಾಂತರಿಸುತ್ತದೆ. ಪರ್ಲ್‌ನಲ್ಲಿ ಸರ್ವರ್ ಸ್ಟಾರ್ಟರ್ ಎಂಬ ಮಾಡ್ಯೂಲ್ ಈ ಕೆಲಸ ಮಾಡುತ್ತದೆ. ನಾವೇ ಮಾಡಹೊರಟರೆ ನೆನಪಿಡಬೇಕಾದದ್ದು, ಎಕ್ಸೆಕ್ ಕರೆದು ಹೊಸ ಪ್ರೋಗ್ರಾಂ ಆರಂಭಿಸುವಾಗ 2ಕ್ಕಿಂತ ಮೇಲಿನ ಡಿಸ್ಕ್ರಿಪ್ಟರ್‌ಗಳು ಮುಚ್ಚಿಹೋಗುವಂತೆ ಪರ್ಲ್ ಮೊದಲೇ ಗುರುತು ಹಾಕಿರುತ್ತದೆ. ಲಿಸನಿಂಗ್ ಸಾಕೆಟ್ ಒಂದರಿಂದ ಆ ಗುರುತನ್ನು ತೆಗೆಯಬೇಕು, ಕ್ಲೈಂಟ್ ಸಾಕೆಟ್‌ಗಳ ಮೇಲೆ ಇರಗೊಡಬೇಕು. ಹೊಸ ಪ್ರಕ್ರಿಯೆ ಆಕ್ಸೆಪ್ಟ್ ಶುರು ಮಾಡಿದ ಮೇಲೆ ಹಳೆಯದು ತನ್ನ ಲಿಸನಿಂಗ್ ಪ್ರತಿಯನ್ನು ಕೂಡಲೇ ಮುಚ್ಚಿ, ಕೈಯಲ್ಲಿರುವ ಕ್ಲೈಂಟ್‌ಗಳನ್ನು ಮುಗಿಸಿ ಹೊರಡಬೇಕು. ಮುಚ್ಚದೆ ಆಕ್ಸೆಪ್ಟ್ ಮುಂದುವರಿಸಿದರೆ ಸಾಲಿನಲ್ಲಿರುವವರಲ್ಲಿ ಕೆಲವರಿಗೆ ಹೊಸ ಆವೃತ್ತಿಯ ಉತ್ತರ, ಕೆಲವರಿಗೆ ಹಳೆಯದರ ಉತ್ತರ ಸಿಗುತ್ತಿರುತ್ತದೆ.