ಓಣಿಯ ಪೈಪು ಹೊಸದಾದರೂ ಸೋರಿಕೆ ನಿಲ್ಲದಿರುವುದೇಕೆ?

ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಪಂಪುಗಳ ಬಲದಿಂದ ಏರಿ, ಅಮ್ಮಿನಭಾವಿಯಲ್ಲಿ ಶುದ್ಧಗೊಂಡು ಬರುತ್ತದೆ. ಅಷ್ಟು ದೂರದಿಂದ ಕರೆಂಟು ಖರ್ಚು ಮಾಡಿ ತಂದ ನೀರು ಮನೆಯ ಹೊಸ್ತಿಲ ಹತ್ತಿರ ಬಂದು ಮಣ್ಣುಪಾಲಾಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸೋರಿಕೆ ಎಂದೊಡನೆ ಜನರಿಗೆ ನೆನಪಾಗುವುದು ದೊಡ್ಡ ಪೈಪು ಒಡೆದು ರಸ್ತೆಯೆಲ್ಲ ನೀರಾಗುವ ದೃಶ್ಯ. ಅದು ಎಲ್ಲರ ಕಣ್ಣಿಗೆ ಬೀಳುವುದರಿಂದ ಬೇಗ ದುರಸ್ತಿಯೂ ಆಗುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ನೀರು ಹೋಗುವುದು ಮನೆಯ ನಳದ ಸಂಪರ್ಕದಲ್ಲಿ, ಅಂದರೆ ಓಣಿಯ ಪೈಪಿಗೆ ತೂತು ಕೊರೆದು ಸ್ಯಾಡಲ್ (ಪೈಪನ್ನು ಸುತ್ತಿ ಹಿಡಿಯುವ ಪಟ್ಟಿ) ಬಿಗಿದು ಫೆರೂಲ್ (ಮನೆಯ ಕಡೆಗೆ ನೀರು ತಿರುಗಿಸುವ ಸಣ್ಣ ಜೋಡಣೆ) ಕೂರಿಸಿದ ಜಾಗದಲ್ಲಿ ಮತ್ತು ಅಲ್ಲಿಂದ ಗಟಾರದಡಿ ಹಾಯ್ದು ಒಳಗೆ ಹೋಗುವ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ. ಅಂಥ ಒಂದು ಸಂಪರ್ಕದಿಂದ ನಿಮಿಷಕ್ಕೆ ಒಂದು ಲೀಟರ್ ಸೋರಿದರೂ ದಿನವಿಡೀ ನೀರಿರುವ ಪೈಪಿನಲ್ಲಿ ಅದು 1,440 ಲೀಟರ್ ಆಗುತ್ತದೆ. ತಲೆಗೆ 135 ಲೀಟರಿನ ಲೆಕ್ಕದಲ್ಲಿ ಹತ್ತು ಜನರ ದಿನದ ನೀರು. ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವಾಗ ಪೈಪನ್ನೂ ಜಗ್ಗುತ್ತದೆ, ಆಗ ಮೊದಲು ಸಡಿಲವಾಗುವುದು ಇಂಥ ಜೋಡಣೆಗಳೇ.

ಧಾರವಾಡದ ಹಳೆಯ ಓಣಿಯೊಂದರಲ್ಲಿ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪು ಹಾಕಿದ ಮೇಲೂ ನಷ್ಟ ಇಳಿದಿರಲಿಲ್ಲ. ಒಂದು ರಾತ್ರಿ ಓಣಿಗೆ ನೀರು ಬಿಟ್ಟು, ಮನೆಮನೆಯ ಟಾಕಿಗಳೆಲ್ಲ ತುಂಬಿದ ಮೇಲೆ, ಎರಡು ಗಂಟೆಯ ಹೊತ್ತಿಗೆ ಓಣಿಯ ಪೈಪಿನ ಮೀಟರ್ ನೋಡಿದೆವು. ಯಾರೂ ನೀರು ಬಳಸದ ಆ ಹೊತ್ತಿನಲ್ಲೂ ಮುಳ್ಳು ಓಡುತ್ತಲೇ ಇತ್ತು. ಒಂದೊಂದೇ ವಾಲ್ವ್ ಮುಚ್ಚುತ್ತ ಹೋದಾಗ ಒಂದು ಕವಲಿನಲ್ಲಿ ಓಟ ಥಟ್ಟನೆ ಇಳಿಯಿತು. ಅದನ್ನು ಮತ್ತೆ ತೆರೆಸಿ, ವಾಲ್ವಿನ ತಲೆಗೆ ಕಬ್ಬಿಣದ ಸರಳು ಊರಿ ಕಿವಿಗೊಟ್ಟರೆ ಒಳಗಿನಿಂದ ಸುಯ್ಯೆನ್ನುವ ಸದ್ದು ಎಡೆಬಿಡದೆ ಕೇಳುತ್ತಿತ್ತು. ಜೊತೆಗಿದ್ದ ವಾಲ್‌ಮನ್ ಹೇಳಿದರು: "ಸಾಹೇಬ್ರ, ಇಲ್ಲಿ ಗಟಾರ ಬ್ಯಾಸಗ್ಯಾಗೂ ಒಣಗೂದಿಲ್ರಿ."

ಬೆಳಿಗ್ಗೆ ಅಗೆಸಿದೆವು. ಹಳೆಯ ಬೀಡುಕಬ್ಬಿಣದ ಪೈಪನ್ನು ಕಡಿದಿರಲೇ ಇಲ್ಲ. ಅದು ಹೊಸ ಪೈಪಿಗೆ ಸೇರಿಕೊಂಡೇ ಇತ್ತು, ಹಲವು ಮನೆಗಳ ನಳಗಳು ಅದರ ಮೇಲೆಯೇ ಉಳಿದಿದ್ದವು. ಹೊಸ ಪೈಪಿನಿಂದ ಒತ್ತಡ ಹೆಚ್ಚಿದ್ದರಿಂದ ಹಳೆಯ ತೂತುಗಳು ಮೊದಲಿಗಿಂತ ಹೆಚ್ಚು ಸೋರುತ್ತಿದ್ದವು. ಗುತ್ತಿಗೆಯ ಲೆಕ್ಕದಲ್ಲಿ ಮೀಟರುಗಟ್ಟಲೆ ಪೈಪು ಹಾಕಿದ್ದಕ್ಕೆ ಹಣವಿತ್ತು, ಮನೆಯ ಸಂಪರ್ಕ ಬದಲಿಸಲು ಇರಲಿಲ್ಲ. ನನ್ನ ದೃಷ್ಟಿಯಲ್ಲಿ ತಪ್ಪು ಕೂಲಿಯವರದಲ್ಲ, ಆ ಲೆಕ್ಕ ಬರೆದವರದು.

2008ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ ದಿನದ 24 ಗಂಟೆ ನೀರು ಕೊಡಲು ಸಾಧ್ಯವಾದದ್ದು ಓಣಿಯ ಪೈಪಿನ ಜೊತೆಗೆ ಮನೆಯ ಸಂಪರ್ಕವನ್ನೂ ಹೊಸದಾಗಿಸಿ ಮೀಟರ್ ಕೂರಿಸಿದ್ದರಿಂದ. ನಾಲ್ಕು ದಿನಕ್ಕೊಮ್ಮೆ ನಾಲ್ಕು ತಾಸು ನೀರು ಬಿಡುವಾಗ ತೂತು ಸೋರುವುದೂ ಅಷ್ಟೇ ಹೊತ್ತು. ಅದೇ ಜಾಲದಲ್ಲಿ ಸದಾ ನೀರು ಬಿಟ್ಟರೆ ಸೋರುವ ಅವಧಿ 24 ಪಟ್ಟು ಹೆಚ್ಚುತ್ತದೆ. ಹಾಗೆಂದು ಬಿಟ್ಟು ಬಿಟ್ಟು ನೀರು ಕೊಡುವುದೇ ಲೇಸೆನ್ನಲಾಗದು. ಪೈಪು ಬರಿದಾದಾಗ ಅದೇ ತೂತಿನಿಂದ ಗಟಾರದ ನೀರು ಒಳಕ್ಕೆ ಸೇರುತ್ತದೆ.

ಆದ್ದರಿಂದ ಈಗ ನಾನು ಕೆಲಸದ ಅಂದಾಜಿನಲ್ಲಿ ಪ್ರತಿ ಮನೆಯ ಸ್ಯಾಡಲ್, ಫೆರೂಲ್, ಪೈಪನ್ನು ಬೇರೆಯಾಗಿಯೇ ಬರೆಯುತ್ತೇನೆ. ಹಳೆಯ ಪೈಪನ್ನು ಕಡಿದು ಬಾಯಿಗೆ ಮುಚ್ಚಳ ಬಿಗಿದದ್ದನ್ನು ಗುಂಡಿ ಮುಚ್ಚುವ ಮೊದಲು ಕಣ್ಣಾರೆ ನೋಡದೆ ಬಿಲ್ಲಿಗೆ ಸಹಿ ಹಾಕುವುದಿಲ್ಲ.